ಒಂದೇ ಅಂಕಿ, ಎರಡು ಅರ್ಥ: ಸ್ಟ್ರಾಸ್‌ಬರ್ಗ್ ವಿಮಾನ ದುರಂತವು ಉತ್ಪಾದಕರಿಗೆ ಕಲಿಸುವ ಪಾಠ

ಯಂತ್ರದಿಂದ ಅಪಘಾತ ಸಂಭವಿಸಿದಾಗ ಮೊದಲು ಕೇಳಿಬರುವ ಮಾತು "ನಡೆಸುವವನ ಅಜಾಗರೂಕತೆ" ಎಂಬುದು. ಈ ಮಾತಿನಿಂದ ಯಂತ್ರದ ತಯಾರಕ, ಮಾರಾಟಗಾರ ಹಾಗೂ ಮಾಲೀಕ ಮೂವರೂ ಪಾರಾಗುತ್ತಾರೆ. ಆದರೆ ಈ ಸಮಾಧಾನ ಎಷ್ಟು ಅಪೂರ್ಣವಾದುದು ಎಂಬುದನ್ನು ಫ್ರಾನ್ಸಿನ ಪ್ರಾದೇಶಿಕ ವಿಮಾನ ನಿಲ್ದಾಣವೊಂದರ ಬಳಿ ನಡೆದ ದುರಂತವು ಜಗತ್ತಿಗೆ ತೋರಿಸಿಕೊಟ್ಟಿದೆ.

ಫ್ರಾನ್ಸಿನ ಪೂರ್ವ ಗಡಿಯಲ್ಲಿರುವ ಅಲ್ಸಾಸ್ ಪ್ರಾಂತದ ಮುಖ್ಯ ನಗರ ಸ್ಟ್ರಾಸ್‌ಬರ್ಗ್. ಅದರ ವಿಮಾನ ನಿಲ್ದಾಣವಿರುವುದು ನಗರದ ಹೊರವಲಯದ ಎಂಟ್ಝೈಮ್ ಎಂಬಲ್ಲಿ. ಸಮೀಪದಲ್ಲಿಯೇ ವೋಜ್ ಪರ್ವತಶ್ರೇಣಿಯಿದೆ. 1992ರ ಜನವರಿ 20ರ ಸಂಜೆ ಲಿಯಾನ್ ನಗರದಿಂದ ಹೊರಟ ಏರ್ ಇಂಟರ್ ಸಂಸ್ಥೆಯ ಏರ್‌ಬಸ್ ಎ-320 ವಿಮಾನವು ಈ ನಿಲ್ದಾಣದಲ್ಲಿ ಇಳಿಯಲು ಸಿದ್ಧತೆ ನಡೆಸುತ್ತಿದ್ದಾಗ ಸೇಂಟ್ ಓಡಿಲ್ ಬೆಟ್ಟದ ಬಳಿಯ ಕಾಡಿಗೆ ಅಪ್ಪಳಿಸಿತು. ವಿಮಾನದಲ್ಲಿದ್ದ 96 ಮಂದಿಯ ಪೈಕಿ 87 ಮಂದಿ ಮೃತಪಟ್ಟರು. ಹಿಮ ಮುಸುಕಿದ ಕಾಡಿನಲ್ಲಿ ವಿಮಾನದ ಅವಶೇಷಗಳನ್ನು ಪತ್ತೆಹಚ್ಚಲು ನಾಲ್ಕು ಗಂಟೆಗೂ ಹೆಚ್ಚು ಕಾಲ ಹಿಡಿಯಿತು.

ವಿಮಾನವು 3.3 ಡಿಗ್ರಿ ಕೋನದಲ್ಲಿ ಇಳಿಯಬೇಕಾಗಿತ್ತು. ಅಂದರೆ ನಿಮಿಷಕ್ಕೆ ಸುಮಾರು 800 ಅಡಿ. ಆದರೆ ಅದು ಇಳಿದದ್ದು ನಿಮಿಷಕ್ಕೆ 3,300 ಅಡಿಯ ವೇಗದಲ್ಲಿ. ಇದಕ್ಕೆ ಅತ್ಯಂತ ಸಂಭವನೀಯವೆಂದು ತನಿಖೆಯಲ್ಲಿ ಪರಿಗಣಿಸಲ್ಪಟ್ಟ ಕಾರಣ ಬಹು ಸಣ್ಣದು. ಇಳಿಯುವ ಕೋನವನ್ನೂ ಇಳಿಯುವ ವೇಗವನ್ನೂ ನಿಗದಿಪಡಿಸಲು ಚಾಲಕ ಕೊಠಡಿಯಲ್ಲಿದ್ದುದು ಒಂದೇ ಗುಂಡಿ, ಅಂಕಿ ಮೂಡುವ ಕಿಂಡಿಯೂ ಒಂದೇ. ಕೋನದ ವಿಧಾನದಲ್ಲಿದ್ದರೆ 3.3 ಎಂದೂ, ವೇಗದ ವಿಧಾನದಲ್ಲಿದ್ದರೆ 3,300 ಅಡಿಯನ್ನು ಸಂಕ್ಷೇಪಿಸಿ 33 ಎಂದೂ ಅಲ್ಲಿ ಕಾಣಿಸುತ್ತಿತ್ತು. ನಡುವಿನ ವ್ಯತ್ಯಾಸ ಒಂದು ಚುಕ್ಕೆ ಮಾತ್ರ. ಯಾವ ವಿಧಾನ ಜಾರಿಯಲ್ಲಿದೆಯೆಂಬ ಸೂಚನೆ ಬೇರೆಡೆ ಇತ್ತಾದರೂ ಇಳಿಯುವ ಸಮಯದ ಒತ್ತಡದಲ್ಲಿ ಅದು ವೈಮಾನಿಕರ ಗಮನಕ್ಕೆ ಬಾರದೆ ಹೋಗಿರಬೇಕು.

ವೈಮಾನಿಕರ ಲೋಪವೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಆ ಮಾದರಿಯ ವಿಮಾನದಲ್ಲಿ ಕ್ಯಾಪ್ಟನ್‌ಗೆ ಇದ್ದ ಅನುಭವ 162 ಗಂಟೆ, ಸಹವೈಮಾನಿಕನಿಗೆ ಇದ್ದುದು 61 ಗಂಟೆ. ಹೊಸ ಯಂತ್ರಕ್ಕೆ ಹೊಸಬರಿಬ್ಬರನ್ನು ಜೊತೆಯಾಗಿ ನೇಮಿಸುವುದು ಆಡಳಿತದ ನಿರ್ಧಾರವೇ ಹೊರತು ವೈಮಾನಿಕರದಲ್ಲ. ನೆಲ ಸಮೀಪಿಸಿದಾಗ ಎಚ್ಚರಿಸುವ ಸಾಧನವನ್ನೂ ಆ ಸಂಸ್ಥೆ ಅಳವಡಿಸಿರಲಿಲ್ಲ. ಅತಿವೇಗದಲ್ಲಿ ಕೆಳಗಿಳಿಯುವ ತನ್ನ ಕಾರ್ಯಪದ್ಧತಿಯಲ್ಲಿ ಆ ಸಾಧನವು ಪದೇಪದೇ ಸುಳ್ಳು ಎಚ್ಚರಿಕೆ ನೀಡುತ್ತದೆ ಎಂಬುದು ಸಂಸ್ಥೆಯ ನಿಲುವಾಗಿತ್ತು. ಅಂದಿನ ಫ್ರೆಂಚ್ ನಿಯಮಗಳೂ ಅದನ್ನು ಕಡ್ಡಾಯಗೊಳಿಸಿರಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ತಪ್ಪಿಲ್ಲದ ಈ ನಿರ್ಧಾರದಿಂದಾಗಿ ಕೊನೆಯ ಕ್ಷಣದಲ್ಲಿ ಎಚ್ಚರಿಸುವವರೇ ಇಲ್ಲದಂತಾಯಿತು.

ಇದಕ್ಕೂ ಎರಡು ವರ್ಷ ಮೊದಲು, 1990ರ ಫೆಬ್ರವರಿ 14ರಂದು, ಇಂಡಿಯನ್ ಏರ್‌ಲೈನ್ಸ್‌ನ ಇದೇ ಮಾದರಿಯ ವಿಮಾನವು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ ಅಪಘಾತಕ್ಕೀಡಾಗಿ 146 ಮಂದಿಯಲ್ಲಿ 92 ಮಂದಿ ಪ್ರಾಣ ಕಳೆದುಕೊಂಡಿದ್ದರು. ಅಲ್ಲಿಯೂ ಇಳಿಯುವ ಹಂತದಲ್ಲಿ ವಿಮಾನವು ತಕ್ಕುದಲ್ಲದ ಸ್ವಯಂಚಾಲಿತ ವಿಧಾನದಲ್ಲಿ ಇತ್ತು. ಎಂಜಿನ್‌ಗಳ ಶಕ್ತಿ ಕನಿಷ್ಠ ಮಟ್ಟದಲ್ಲಿಯೇ ಉಳಿದು ವೇಗ ಕುಸಿಯುತ್ತಿರುವುದನ್ನು ವೈಮಾನಿಕರು ಅರಿಯುವ ವೇಳೆಗೆ ತಡವಾಗಿತ್ತು. ಎರಡು ಘಟನೆಗಳ ವಿವರ ಬೇರೆಯಾದರೂ ಪ್ರಶ್ನೆ ಒಂದೇ: ತಾನು ಏನು ಮಾಡುತ್ತಿದ್ದೇನೆ ಎಂಬುದನ್ನು ಯಂತ್ರವು ಮನುಷ್ಯನಿಗೆ ಸ್ಪಷ್ಟವಾಗಿ ತಿಳಿಸುತ್ತಿದೆಯೇ?

ಸ್ಟ್ರಾಸ್‌ಬರ್ಗ್ ದುರಂತದ ಬಳಿಕ ಕಿಂಡಿಯಲ್ಲಿ ಇಳಿಯುವ ವೇಗವು ನಾಲ್ಕೂ ಅಂಕಿಗಳಲ್ಲಿ ಕಾಣುವಂತೆ ಮಾರ್ಪಾಡು ಮಾಡಲಾಯಿತು. 33ರ ಬದಲು 3300 ಎಂದು ಮೂಡುವಂತೆ ಮಾಡುವುದು ಮೊದಲೇ ಅಸಾಧ್ಯವಾದ ಕೆಲಸವೇನೂ ಆಗಿರಲಿಲ್ಲ. ಭೂಸಾಮೀಪ್ಯ ಎಚ್ಚರಿಕೆ ಸಾಧನವೂ ಕಡ್ಡಾಯವಾಯಿತು. ಕ್ರಿಮಿನಲ್ ಮೊಕದ್ದಮೆಯ ವಿಚಾರಣೆ ಕೋಲ್ಮಾರ್ ನ್ಯಾಯಾಲಯದಲ್ಲಿ ನಡೆದದ್ದು 14 ವರ್ಷಗಳ ನಂತರ, 2006ರಲ್ಲಿ. ಆರೂ ಮಂದಿ ಆರೋಪಿಗಳು ಖುಲಾಸೆಗೊಂಡರು. 2008ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅವರನ್ನು ದೋಷಮುಕ್ತರೆಂದು ಸಾರಿತು. ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಗದಿರುವುದಕ್ಕೂ ವಸ್ತುವಿನ ವಿನ್ಯಾಸ ನಿರ್ದೋಷವಾಗಿತ್ತು ಎಂಬುದಕ್ಕೂ ಬಹಳ ಅಂತರವಿದೆ.

ಇದು ದೊಡ್ಡ ಸಂಸ್ಥೆಗಳಿಗೆ ಮಾತ್ರ ಸಂಬಂಧಿಸಿದ ವಿಚಾರವೆಂದು ಸಣ್ಣ ಉದ್ಯಮಿಗಳು ಭಾವಿಸುವುದು ಸರಿಯಲ್ಲ. ಒತ್ತಡ ಮಾಪಕದ ಮೇಲೆ ಕೆ.ಜಿ. ಮತ್ತು ಪಿಎಸ್‌ಐ ಎರಡೂ ಅಳತೆಗಳನ್ನು ಒತ್ತೊತ್ತಾಗಿ ಮುದ್ರಿಸುವುದು, ಕೀಟನಾಶಕದ ಡಬ್ಬಿಯಲ್ಲಿ ಪ್ರಮಾಣವು ಲೀಟರಿಗೋ ಎಕರೆಗೋ ಎಂಬುದು ಕಾಣದಷ್ಟು ಸಣ್ಣ ಅಕ್ಷರ ಬಳಸುವುದು, ಒಂದೇ ಬಣ್ಣದ ಎರಡು ಗುಂಡಿಗಳನ್ನು ಪಕ್ಕಪಕ್ಕದಲ್ಲಿ ಕೂರಿಸುವುದು ಇವೆಲ್ಲವೂ ಅದೇ 33ರ ರೂಪಾಂತರಗಳು. ಉತ್ಪಾದನೆ ನಿಧಾನವಾಗುತ್ತದೆಂದು ಪವರ್ ಪ್ರೆಸ್‌ನ ರಕ್ಷಣಾ ಕವಚವನ್ನು ಕಳಚಿಡುವುದು, ಸುಮ್ಮನೆ ಕೂಗುತ್ತದೆಂದು ಅಲಾರಂನ ತಂತಿ ಬಿಚ್ಚುವುದು ಏರ್ ಇಂಟರ್‌ನ ನಿರ್ಧಾರಕ್ಕಿಂತ ಭಿನ್ನವಲ್ಲ. ಸುಳ್ಳು ಎಚ್ಚರಿಕೆ ನೀಡುವ ಸಾಧನವನ್ನು ದುರಸ್ತಿಗೊಳಿಸಬೇಕೇ ಹೊರತು ತೆಗೆದುಹಾಕಬಾರದು.

ವ್ಯಾಪಾರಿಗಳ ಪಾತ್ರವೂ ಕಡಿಮೆಯದಲ್ಲ. ಯಾವ ಮಾಲು ಬಳಕೆದಾರರನ್ನು ಗೊಂದಲಕ್ಕೀಡು ಮಾಡುತ್ತಿದೆಯೆಂಬುದು ತಯಾರಕನಿಗಿಂತ ಮೊದಲು ಅಂಗಡಿಯವನಿಗೆ ತಿಳಿಯುತ್ತದೆ. ಗಿರಾಕಿಯ ದೂರನ್ನು "ಬಳಸಲು ಬಾರದವರು" ಎಂದು ತಳ್ಳಿಹಾಕದೆ ತಯಾರಕನಿಗೆ ತಲುಪಿಸಿದರೆ ಅದಕ್ಕಿಂತ ಅಗ್ಗದ ಸುರಕ್ಷತಾ ಪರೀಕ್ಷೆ ಮತ್ತೊಂದಿಲ್ಲ. ಎ-320 ವಿಮಾನದ ಬಾಗಿಲುಗಳನ್ನು ಎಚ್‌ಎಎಲ್ ತಯಾರಿಸಿ ರಫ್ತು ಮಾಡಿರುವ ಕರ್ನಾಟಕದಲ್ಲಿ ನಿಖರತೆಯ ಕೌಶಲಕ್ಕೆ ಕೊರತೆಯಿಲ್ಲ. ಮೈಕ್ರಾನ್ ಲೆಕ್ಕದಲ್ಲಿ ಅಳೆಯುವ ಅದೇ ಕಾಳಜಿಯನ್ನು ಗುಂಡಿ, ಫಲಕ ಮತ್ತು ಲೇಬಲ್‌ಗಳಿಗೂ ವಿಸ್ತರಿಸಬೇಕಾಗಿದೆ.

ದಣಿದ ಕಾರ್ಮಿಕ, ಮಂದ ಬೆಳಕು, ಅವಸರದ ಆರ್ಡರ್ ಇವು ಪ್ರತಿ ಕಾರ್ಖಾನೆಯ ನಿತ್ಯದ ಸಂಗತಿಗಳು. ಈ ಪರಿಸ್ಥಿತಿಯಲ್ಲಿಯೂ ತಪ್ಪಾಗಿ ಓದಲು ಬಾರದಂತೆ ವಸ್ತುವನ್ನು ರೂಪಿಸುವುದೇ ಉತ್ಪಾದಕನ ಹೊಣೆ. ಆ ಹೊಣೆಗೆ ತಗಲುವ ವೆಚ್ಚ ಹಲವು ವೇಳೆ ಎರಡು ಅಂಕಿಗಳನ್ನು ಹೆಚ್ಚಾಗಿ ಮುದ್ರಿಸುವಷ್ಟೇ ಆಗಿರುತ್ತದೆ.