‘ಅಥವಾ’ ಎಂಬ ಒಂದು ಮಾತು



ಕಾಯಿದೆಯ ಪುಸ್ತಕದಲ್ಲಿ ಬಡವನ ತುತ್ತು ಕಸಿಯುವುದು ಹೆಚ್ಚಾಗಿ ಸಣ್ಣ ಮಾತುಗಳೇ. ದೊಡ್ಡ ಮಾತುಗಳನ್ನು ಎಲ್ಲರೂ ನೋಡುತ್ತಾರೆ. ಪತ್ರಿಕೆಯವರು ಬರೆಯುತ್ತಾರೆ, ಮಂತ್ರಿಗಳು ಭಾಷಣ ಮಾಡುತ್ತಾರೆ. ಸಣ್ಣ ಮಾತು ಸದ್ದಿಲ್ಲದೆ ಒಳಗೆ ಬಂದು ಕೂರುತ್ತದೆ. ಈ ಸಂಚಿಕೆಯಲ್ಲಿ ಅಂಥ ಒಂದು ಮಾತಿನ ವಿಷಯ ಬರೆಯಬೇಕಾಗಿದೆ. ಆ ಮಾತು ‘ಅಥವಾ’.

2025ನೆಯ ನವೆಂಬರ್ 21ರಂದು ಕೇಂದ್ರ ಸರಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಎಪ್ಪತ್ತು ವರ್ಷ ನಮಗೆ ಆಸರೆಯಾಗಿದ್ದ 1951ರ ತೋಟ ಕಾರ್ಮಿಕರ ಕಾಯಿದೆ ಅದರೊಂದಿಗೆ ಪ್ರತ್ಯೇಕ ಕಾಯಿದೆಯಾಗಿ ಉಳಿಯಲಿಲ್ಲ. ಅದರ ವಿಷಯಗಳು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯೊಳಗೆ ಸೇರಿಹೋದವು. ಆ ಸಂಹಿತೆಯ 92ನೆಯ ಕಲಮಿನಲ್ಲಿ ತೋಟದವರು ಒದಗಿಸಬೇಕಾದ ಮನೆ, ಶಿಶುವಿಹಾರ, ಶಾಲೆ, ಆರೋಗ್ಯ, ಮನರಂಜನೆ ಎಂಬ ಪಟ್ಟಿ ಇದೆ. ಪಟ್ಟಿ ನೋಡಿದರೆ ಏನೂ ಕಳೆದುಹೋಗಿಲ್ಲವೆಂದು ತೋರುತ್ತದೆ. ಆದರೆ ಆರೋಗ್ಯದ ಮಾತು ಬಂದಾಗ, ಕಾರ್ಮಿಕನಿಗೂ ಅವನ ಕುಟುಂಬಕ್ಕೂ ತೋಟದವರು ಆರೋಗ್ಯ ಸೌಲಭ್ಯ ಒದಗಿಸಲಿ, ಅಥವಾ ನೌಕರರ ರಾಜ್ಯ ವಿಮೆಗೆ, ಅಂದರೆ ಇ.ಎಸ್.ಐ.ಗೆ, ಸೇರಿಸಲಿ ಎಂದಿದೆ. ಮುಂದಿನ ಉಪಕಲಮಿನಲ್ಲಿ ಇನ್ನೊಂದು ‘ಅಥವಾ’ ಇದೆ. ಈ ಸೌಲಭ್ಯಗಳನ್ನೆಲ್ಲ ಮಾಲೀಕರು ತಮ್ಮ ಸ್ವಂತ ಹಣದಿಂದ ಕೊಡಬಹುದು, ಅಥವಾ ಕೇಂದ್ರ, ರಾಜ್ಯ, ಪುರಸಭೆ, ಪಂಚಾಯಿತಿಗಳ ಯೋಜನೆಗಳ ಮೂಲಕ ಕೊಡಬಹುದು.

ಎರಡು ‘ಅಥವಾ’ಗಳೂ ಒಂದೇ ಕೈಯಲ್ಲಿವೆ. ಆ ಕೈ ಮಾಲೀಕನದು. ರೋಗ ನಮ್ಮದು, ಕೂಸು ನಮ್ಮದು, ಸೋರುವ ಸೂರು ನಮ್ಮದು. ಆಯ್ಕೆ ಮಾತ್ರ ನಮ್ಮದಲ್ಲ.

ಹಳೆಯ ಕಾಯಿದೆ ಏನು ಹೇಳಿತ್ತು?

ಈ ಬೆಟ್ಟಗಳಿಗೆ ಕಾಯಿದೆ ಮೊದಲು ಬಂದದ್ದು ನಮ್ಮನ್ನು ಕಾಯುವುದಕ್ಕಲ್ಲ, ಕಟ್ಟಿಹಾಕುವುದಕ್ಕೆ. ಮೈಸೂರು ಸೀಮೆಯಿಂದ ಮೇಸ್ತ್ರಿಯ ಮುಂಗಡ ಹಿಡಿದು ವಯನಾಡಿನ, ನೀಲಗಿರಿಯ ಕಾಫಿ ತೋಟಗಳಿಗೆ ಬಂದ ಕನ್ನಡದ ಕೂಲಿಗಳು ಕಂಡ ಕಾಯಿದೆ 1859ರ 13ನೆಯ ಕಾಯಿದೆ. ಮುಂಗಡ ತೆಗೆದುಕೊಂಡು ಕೆಲಸ ಬಿಟ್ಟವನು ಮ್ಯಾಜಿಸ್ಟ್ರೇಟರ ಆಜ್ಞೆಗೆ ತಪ್ಪಿದರೆ ಮೂರು ತಿಂಗಳವರೆಗೆ ಸೆರೆಮನೆ. ಅದು ಸಾಲದೆಂದು 1903ರಲ್ಲಿ ಮದ್ರಾಸು ಸರಕಾರ ತೋಟಗಾರರಿಗಾಗಿಯೇ ಇನ್ನೊಂದು ಕಾಯಿದೆ ಮಾಡಿತು. ಕೂಲಿ ಓಡಿಹೋದರೆ ಅಪರಾಧ.  1859ರ ಕಾಯಿದೆ ರದ್ದಾಗಲು 1925 ಬರಬೇಕಾಯಿತು.

ಡಿ. ವಿ. ರೇಗೆಯವರು ದೇಶದ ತೋಟ ಕಾರ್ಮಿಕರ ಸ್ಥಿತಿಗತಿಯನ್ನು ವಿಚಾರಿಸಿ 1946ರಲ್ಲಿ ವರದಿ ಕೊಟ್ಟರು. ಸ್ವಾತಂತ್ರ್ಯ ಬಂದ ಮೇಲೆ 1951ರ ಕಾಯಿದೆಯಾಯಿತು; 1954ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಲ್ಲಿಂದ ಲೆಕ್ಕ ತಿರುಗಿತು. ಮನೆ ಕೊಡುವುದು ಪ್ರತಿಯೊಬ್ಬ ಮಾಲೀಕನ ಕರ್ತವ್ಯ ಎಂದು ಅದು ಸ್ಪಷ್ಟವಾಗಿ ಬರೆಯಿತು. 10ನೆಯ ಕಲಮು ಕಾರ್ಮಿಕರಿಗೂ ಅವರ ಕುಟುಂಬದವರಿಗೂ ವೈದ್ಯಕೀಯ ಸೌಲಭ್ಯ ಸುಲಭವಾಗಿ ಕೈಗೆ ಸಿಗುವಂತಿರಬೇಕು ಎಂದಿತು. ಎಲ್ಲೋ ಇದ್ದರೆ ಸಾಲದು, ಕೈಗೆ ಸಿಗುವಂತಿರಬೇಕು! ತೋಟದವರು ಒದಗಿಸದಿದ್ದರೆ ಮುಖ್ಯ ಇನ್‌ಸ್ಪೆಕ್ಟರರೇ ಅದನ್ನು ಏರ್ಪಡಿಸಿ, ಆದ ಖರ್ಚನ್ನು ತಪ್ಪಿದ ಮಾಲೀಕನಿಂದ ವಸೂಲು ಮಾಡಬಹುದು ಎಂದೂ ಅದೇ ಕಲಮಿನಲ್ಲಿತ್ತು.

ಆ ಕಾಯಿದೆ ಪೂರ್ತಿಯಾಗಿ ನಡೆಯಿತೆಂದು ಯಾರೂ ಹೇಳಲಾರರು. ಎಷ್ಟೋ ತೋಟದ ಆಸ್ಪತ್ರೆಗಳಲ್ಲಿ ಡಾಕ್ಟರರ ಕುರ್ಚಿಯಲ್ಲಿ ಕಂಪೌಂಡರೇ ಕೂತದ್ದುಂಟು. ಎಲ್ಲ ಕಾಯಿಲೆಗೂ ಒಂದೇ ಬಣ್ಣದ ಮಾತ್ರೆ ಸಿಕ್ಕಿದ್ದುಂಟು. ಆದರೂ ನಾವು ಇನ್‌ಸ್ಪೆಕ್ಟರರ ಮುಂದೆ ನಿಂತು, ಇದು ನಿಮ್ಮ ಕಾಯಿದೆಯಲ್ಲಿದೆ, ಕೊಡಿಸಿ ಎಂದು ಹೇಳಬಹುದಾಗಿತ್ತು. ‘ಅಥವಾ’ ಬಂದ ಮೇಲೆ ತೋಟದವರು ತೋರಿಸಲು ಇನ್ನೊಂದು ಬಾಗಿಲು ಸಿಕ್ಕಿತು.

ಇ.ಎಸ್.ಐ. ಕೆಟ್ಟದ್ದೇ?

ಅಲ್ಲ. ಈ ಮಾತನ್ನು ನ್ಯಾಯವಾಗಿ ಹೇಳಬೇಕು. 1952ರ ಫೆಬ್ರವರಿಯಲ್ಲಿ ಕಾನ್ಪುರ, ದೆಹಲಿಗಳಲ್ಲಿ ಶುರುವಾದ ಇ.ಎಸ್.ಐ. ಈ ದೇಶದ ಕಾರ್ಮಿಕರು ಪಡೆದ ದೊಡ್ಡ ಸಂಪಾದನೆಗಳಲ್ಲಿ ಒಂದು. ಕಾಯಿಲೆ ಬಿದ್ದವನಿಗೆ ವರ್ಷದಲ್ಲಿ 91 ದಿನದವರೆಗೆ ಕೂಲಿಯ ನೂರಕ್ಕೆ 70ರಷ್ಟು ಹಣ, ಕೆಲಸದಲ್ಲಿ ಕೈಕಾಲು ಕಳೆದುಕೊಂಡವನಿಗೆ ಪರಿಹಾರ, ಕೆಲಸದಲ್ಲಿ ಸತ್ತವನ ಹೆಂಡತಿ ಮಕ್ಕಳಿಗೆ ಮಾಸಾಶನ, ದೊಡ್ಡ ಶಸ್ತ್ರಚಿಕಿತ್ಸೆಗೆ ದೊಡ್ಡ ಆಸ್ಪತ್ರೆ, ಇವೆಲ್ಲ ತೋಟದ ಡಿಸ್ಪೆನ್ಸರಿಯಲ್ಲಿ ಸಿಗುವವಲ್ಲ. ಇ.ಎಸ್.ಐ. ಬರಲಿ, ಬೇಡವೆನ್ನುವುದಿಲ್ಲ. ಆದರೆ ಕೊಡೆ ಕೊಟ್ಟೆವೆಂದು ಮನೆಯ ಮಾಡು ಕಿತ್ತುಹಾಕುವವರುಂಟೇ?

ಇ.ಎಸ್.ಐ. ಹುಟ್ಟಿದ್ದು ಕಾರ್ಖಾನೆಯ ಊರುಗಳಿಗಾಗಿ. ಬಸ್ಸು ಹತ್ತಿ ಇಳಿದರೆ ಡಿಸ್ಪೆನ್ಸರಿ ಸಿಗುವ ಊರುಗಳಿಗಾಗಿ. ಅದರ ದೊಡ್ಡ ಆಸ್ಪತ್ರೆಗಳು ಕೊಯಮತ್ತೂರು, ಫರೋಕು ಮುಂತಾದ ಘಟ್ಟದ ಕೆಳಗಿನ ಊರುಗಳಲ್ಲಿವೆ. ಪಂದಲೂರಿನ ಮೇಲಿನ ಲೈನಿನಲ್ಲಿ ನಡುರಾತ್ರಿ ಹೆರಿಗೆ ನೋವು ಬಂದರೆ, ಮೇಪ್ಪಾಡಿಯ ಪಾಡಿಯಲ್ಲಿ ಮಗುವಿಗೆ ಹಾವು ಕಚ್ಚಿದರೆ, ಔಷಧಿ ಹೊಡೆಯುವವನು ಚರಿವಿನಲ್ಲೇ ತಲೆಸುತ್ತಿ ಬಿದ್ದರೆ, ವಿಮೆಯ ಕಾರ್ಡು ಎದೆಯ ಮೇಲಿಟ್ಟರೆ ವಿಷ ಇಳಿಯುತ್ತದೆಯೇ? ದಾರಿಯಲ್ಲಿ ಆನೆ ನಿಂತಿರುವ ರಾತ್ರಿ, ಮಳೆಗೆ ರಸ್ತೆ ಕುಸಿದಿರುವ ರಾತ್ರಿ, ಕಾಲ್ನಡಿಗೆಯ ದೂರದಲ್ಲಿ ಒಬ್ಬ ನರ್ಸು, ಒಂದು ಹಾಸಿಗೆ, ಒಂದು ಜೀಪು ಬೇಕು. ಅದನ್ನು ಕೊಡಬಲ್ಲದ್ದು ತೋಟವೊಂದೇ.

ಹಣದ ಲೆಕ್ಕವನ್ನೂ ನೋಡೋಣ. ಇ.ಎಸ್.ಐ.ಗೆ ಕೂಲಿಯಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ಕಾರ್ಮಿಕರ ಪಾಲು, ಮೂರೂಕಾಲು ರೂಪಾಯಿ ಮಾಲೀಕರ ಪಾಲು ಎಂದು 2019ರ ಜುಲೈಯಲ್ಲಿ ಗೊತ್ತುಮಾಡಿದರು. ಮುಕ್ಕಾಲು ರೂಪಾಯಿ ಭಾರವಲ್ಲ. ಆದರೆ ಕಾಯಿಲೆಯ ಹಣ ಸಿಗಬೇಕಾದರೆ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಕಾಫಿ ಕೊಯ್ಲು ಮುಗಿದ ಮೇಲೆ ವಾರಕ್ಕೆ ಎರಡು ದಿನ ಹಾಜರಿ ಸಿಗುವ ತಾತ್ಕಾಲಿಕ ಹೆಣ್ಣಾಳು 78 ದಿನ ಎಲ್ಲಿಂದ ತರಬೇಕು? ನಿವೃತ್ತರಾದವರಿಗೆ ಇ.ಎಸ್.ಐ. ಚಿಕಿತ್ಸೆ ಮುಂದುವರಿಯಬೇಕಾದರೆ ಕಡಿಮೆ ಪಕ್ಷ ಐದು ವರ್ಷ ವಿಮೆಯಲ್ಲಿದ್ದಿರಬೇಕು. ಮೂವತ್ತು ವರ್ಷ ತೋಟದಲ್ಲಿ ದುಡಿದು, ತೋಟ ಇ.ಎಸ್.ಐ.ಗೆ ಸೇರಿದ ಎರಡನೆಯ ವರ್ಷವೇ ನಿವೃತ್ತಳಾಗುವ ತಾಯಿಗೆ ಆ ಮೂವತ್ತು ವರ್ಷ ಲೆಕ್ಕಕ್ಕೆ ಬರುವುದಿಲ್ಲ.

ಒಂದು ಹಿಡಿಕೆ ಮಾತ್ರ ನಮ್ಮ ಕೈಗೆ ಸಿಗುತ್ತದೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯು, ತೋಟದಲ್ಲಿ ಮಾಲೀಕ ಕೊಡುತ್ತಿರುವುದಕ್ಕಿಂತ ಇ.ಎಸ್.ಐ.ಯ ಸೌಲಭ್ಯ ಉತ್ತಮವಾಗಿದ್ದರೆ ಆ ಮಾಲೀಕ ಇ.ಎಸ್.ಐ.ಯನ್ನು ಆರಿಸಿಕೊಳ್ಳಬಹುದು ಎಂದಿದೆ. ಉತ್ತಮವಾಗಿದ್ದರೆ! ಉತ್ತಮವೋ ಅಲ್ಲವೋ ಎಂದು ಅಳೆಯುವವರು ಯಾರು? ಮ್ಯಾನೇಜರರ ಬಂಗಲೆಯಲ್ಲಿ ಕೂತು ಅಳೆದರೆ ಒಂದು ಅಳತೆ, ಲೈನಿನ ಜಗಲಿಯಲ್ಲಿ ಕೂತು ಅಳೆದರೆ ಇನ್ನೊಂದು ಅಳತೆ.

ತೋಟದವರ ಮಾತು

ತೋಟಮಾಲೀಕರ ಸಂಘಗಳು ಬಹಳ ಕಾಲದಿಂದ ಹೇಳುವ ಮಾತೊಂದಿದೆ. ಮನೆ, ಆಸ್ಪತ್ರೆ, ಶಿಶುವಿಹಾರಗಳು ಸಾಮಾಜಿಕ ವೆಚ್ಚ; ಬೇರೆ ಉದ್ಯಮದವರು ಹೊರದ ಭಾರವನ್ನು ನಾವು ಮಾತ್ರ ಯಾಕೆ ಹೊರಬೇಕು, ಸರಕಾರ ಹೊರಲಿ ಎಂದು. ಚಹಾದ ಬೆಲೆ ಏರಿಳಿಯುವುದು ನಿಜ. ಸಣ್ಣ ತೋಟಗಾರನಿಗೆ ಕಷ್ಟವಿರುವುದೂ ನಿಜ. ಆದರೆ ಬೆಲೆ ಬಿದ್ದ ವರ್ಷ ಆಸ್ಪತ್ರೆ ಭಾರವೆನ್ನುವವರು, ಬೆಲೆ ಏರಿದ ವರ್ಷ ಅದಕ್ಕೆ ಇನ್ನೆರಡು ಹಾಸಿಗೆ ಸೇರಿಸಿದರೇ? ಜನವಸತಿಯಿಂದ ದೂರದ ಬೆಟ್ಟದಲ್ಲಿ, ಬೆಳಗಾಗುವಾಗಲೇ ಆಳುಗಳು ಚರಿವಿನಲ್ಲಿರಬೇಕೆಂದು, ತೋಟದವರೇ ನಮ್ಮನ್ನು ತೋಟದೊಳಗೆ ಕೂರಿಸಿದರು. ಬೇರೆ ಉದ್ಯಮದವರು ತಮ್ಮ ಆಳುಗಳನ್ನು ಹಾಗೆ ಕಾಡಿನ ನಡುವೆ ಕೂರಿಸಲಿಲ್ಲ. ಕೂರಿಸಿದವರೇ ಔಷಧಿಯನ್ನೂ ತರಬೇಕು.

2020ರ ಆಗಸ್ಟ್ 6ರ ರಾತ್ರಿ ಮೂನ್ನಾರಿನ ಪೆಟ್ಟಿಮುಡಿಯಲ್ಲಿ ಗುಡ್ಡ ಜರಿದು ಲೈನು ಮನೆಗಳು ಕೊಚ್ಚಿಹೋಗಿ ಎಪ್ಪತ್ತು ಮಂದಿ ಇಲ್ಲವಾದರು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಪಾಡಿಗಳೂ ಮಣ್ಣಿನಡಿ ಹೋದವು. ತೋಟದವರು ಕೊಟ್ಟ ಮನೆ ಕುಸಿದು ಸಾವಾದರೆ ಪರಿಹಾರ ಕೊಡಬೇಕೆಂಬ ಮಾತು ಹೊಸ ಸಂಹಿತೆಯಲ್ಲೂ ಉಳಿದಿದೆ. ಆದರೆ ಪ್ರಕೃತಿ ವಿಕೋಪವಾದರೆ ಅದು ಅನ್ವಯಿಸದು. ಮಳೆ ದೇವರದು, ಒಪ್ಪಿದೆವು. ಲೈನು ಎಲ್ಲಿ ಕಟ್ಟಬೇಕೆಂದು ಗುರುತು ಹಾಕಿದವರು ಯಾರು?

ಸರಕಾರದ ಯೋಜನೆಗಳ ಮಾತೂ ಹೀಗೆಯೇ. ಆಯುಷ್ಮಾನ್ ಯೋಜನೆ 2018ರಲ್ಲಿ ಬಂತು. ಅರ್ಹ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಆಸ್ಪತ್ರೆ ಖರ್ಚು. ಅದನ್ನು ಕೃತಜ್ಞತೆಯಿಂದ ತೆಗೆದುಕೊಳ್ಳೋಣ. ಆದರೆ ಅದು ಆಸ್ಪತ್ರೆಗೆ ದಾಖಲಾದವರಿಗೆ. ಜ್ವರ, ಕೆಮ್ಮು, ಜಿಗಣೆ ಕಚ್ಚಿ ಕೀತ ಕಾಲು, ಬಸುರಿಯ ತಿಂಗಳ ಪರೀಕ್ಷೆ, ಇವುಗಳಿಗೆ ದಾಖಲಾಗುವುದೆಲ್ಲಿ? ಸರಕಾರ ಪ್ರಜೆಗೆ ಕೊಡುವುದು ಪ್ರಜೆಯ ಪಾಲು. ತೋಟ ಆಳಿಗೆ ಕೊಡಬೇಕಾದ್ದು ದುಡಿಮೆಯ ಪಾಲು. ಒಂದನ್ನು ಇನ್ನೊಂದರ ಲೆಕ್ಕದಲ್ಲಿ ವಜಾ ಮಾಡುವುದು ಅನ್ಯಾಯ.

ಧರ್ಮಶಾಸ್ತ್ರದಲ್ಲಿ ‘ಅಥವಾ’ ಉಂಟೇ?

ಕಾಯಿದೆಯ ಗೊಡವೆ ಸಭೆಗೆ ಯಾಕೆ, ಪ್ರಾರ್ಥನೆ ಸಾಲದೇ ಎಂದು ಕೇಳುವ ಸಹೋದರರು ನಮ್ಮಲ್ಲೂ ಇದ್ದಾರೆ. ಅವರು ಮೋಶೆಯ ಪುಸ್ತಕಗಳನ್ನು ಇನ್ನೊಮ್ಮೆ ಓದಲಿ. ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಹಕ್ಕಲನ್ನು ಬಡವನಿಗೂ ಪರದೇಶಿಗೂ ಬಿಡಬೇಕು ಎಂದು ಯಾಜಕಕಾಂಡ ಹೇಳುತ್ತದೆ. ಅಂಚನ್ನು ಬಿಡು, ಇಲ್ಲವೇ ಬಡವನನ್ನು ಅರಸನ ಕಣಜಕ್ಕೆ ಕಳಿಸು ಎಂದು ಹೇಳುವುದಿಲ್ಲ. ಹೊಸ ಮನೆ ಕಟ್ಟುವವನು ಮಾಳಿಗೆಗೆ ಅಡ್ಡಗೋಡೆ ಕಟ್ಟಲಿ, ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಮನೆಯವನಿಗೆ ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ಹೊಲ ಯಾರದೋ, ಮನೆ ಯಾರದೋ, ಹೊಣೆಯೂ ಅವರದೇ. ರೂತಳು ಬೋವಜನ ಹೊಲಕ್ಕೆ ಹೋದದ್ದು ಆ ಕಟ್ಟಳೆಯ ಬಲದಿಂದ.

ಕಾಯಿದೆಯನ್ನು ತಿದ್ದಿಸಬಹುದೇ ಎಂದು ಅಂಜುವವರು ಚಲ್ಪಹಾದನ ಐದು ಮಂದಿ ಹೆಣ್ಣುಮಕ್ಕಳನ್ನು ನೆನೆಯಲಿ. ಮೋಶೆಯ ಮುಂದೆ, ಸಭೆಯವರೆಲ್ಲರ ಮುಂದೆ ನಿಂತು ತಂದೆಯ ಪಾಲನ್ನು ಕೇಳಿದರು. ಕರ್ತನು ಅವರ ಮಾತು ನ್ಯಾಯವೆಂದನು, ಕಟ್ಟಳೆ ತಿದ್ದಿತು. 2015ರಲ್ಲಿ ಮೂನ್ನಾರಿನ ರಸ್ತೆಯಲ್ಲಿ ಕೂತ ಎಲೆ ಕೀಳುವ ಹೆಣ್ಣುಮಕ್ಕಳೂ ಹಾಗೆಯೇ ಕೇಳಿದರು; ಆಗ 232 ರೂಪಾಯಿಯಿದ್ದ ದಿನಗೂಲಿ 301ಕ್ಕೆ ಏರಿತು.

ನಾವು ಕೇಳಬೇಕಾದ್ದು

ಸಂಹಿತೆಯ ತೋಟದ ಭಾಗಕ್ಕೆ ನಿಯಮ ಮಾಡುವ ಅಧಿಕಾರ ರಾಜ್ಯ ಸರಕಾರದ್ದು. ಆದ್ದರಿಂದ ನೀಲಗಿರಿಯವರು ಚೆನ್ನೈಯನ್ನೂ ವಯನಾಡಿನವರು ತಿರುವನಂತಪುರವನ್ನೂ ಕೇಳಬೇಕಾದ್ದು ಇಷ್ಟು:

1. ಹತ್ತಿರದಲ್ಲಿ ಡಾಕ್ಟರರೂ ಔಷಧಿಯೂ ಇರುವ ಇ.ಎಸ್.ಐ. ಡಿಸ್ಪೆನ್ಸರಿ ನಡೆಯುತ್ತಿದೆಯೆಂದು ಕಣ್ಣಾರೆ ತೋರಿಸುವ ತನಕ ಯಾವ ತೋಟದ ಆಸ್ಪತ್ರೆಯನ್ನೂ ಮುಚ್ಚಬಾರದು. ಆಮೇಲೂ ಪ್ರಥಮ ಚಿಕಿತ್ಸೆ, ನರ್ಸು, ರಾತ್ರಿಯ ವಾಹನ ತೋಟದಲ್ಲೇ ಇರಬೇಕು.

2. ‘ಉತ್ತಮ’ ಎಂಬುದನ್ನು ಕಾರ್ಮಿಕರ ಸಭೆ ಅಳೆಯಬೇಕು. ಹೆಣ್ಣುಮಕ್ಕಳು ಕೂತ ಸಭೆಯ ಲಿಖಿತ ಒಪ್ಪಿಗೆಯಿಲ್ಲದೆ ಬದಲಾವಣೆ ಕೂಡದು.

3. ಮಾಲೀಕ ತಪ್ಪಿದರೆ ಸರಕಾರವೇ ಏರ್ಪಡಿಸಿ ಖರ್ಚು ವಸೂಲು ಮಾಡುವ 1951ರ ಮಾತನ್ನು ರಾಜ್ಯದ ನಿಯಮದಲ್ಲಿ ಬರೆಯಬೇಕು.

4. ನಿವೃತ್ತರಿಗೆ ಗ್ರಾಚ್ಯುಯಿಟಿ ಪೂರ್ತಿ ಸಲ್ಲುವ ತನಕ ಮನೆಯೂ ಔಷಧಿಯೂ ನಿಲ್ಲಬಾರದು. ತಾತ್ಕಾಲಿಕ ಆಳುಗಳನ್ನು ಹೊರಗಿಡಬಾರದು.

5. ನಿಯಮದ ಕರಡು, ತೋಟದ ನೋಟೀಸು ತಮಿಳು, ಮಲಯಾಳಗಳ ಜೊತೆಗೆ ಕನ್ನಡದಲ್ಲೂ ಬರಬೇಕು. ಓದಲಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವುದು ಒಪ್ಪಿಗೆಯಲ್ಲ.

ಅಷ್ಟರ ತನಕ ಮನೆಯಲ್ಲಿ ಮಾಡಬೇಕಾದ ಕೆಲಸವೂ ಇದೆ. ಹಳೆಯ ಕಾಯಿದೆ ಹೋಯಿತು, ಇನ್ನು ನಮಗೇನೂ ಹೊಣೆಯಿಲ್ಲ ಎಂದು ಆಫೀಸಿನಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಸಂಹಿತೆಗೆ ವಿರೋಧವಲ್ಲದ ಮಟ್ಟಿಗೆ ಹಳೆಯ ನಿಯಮಗಳು ಹೊಸವು ಬರುವ ತನಕ ನಡೆಯುತ್ತವೆ. ಸಂಬಳದ ಚೀಟಿಯಲ್ಲಿ ಇ.ಎಸ್.ಐ. ಎಂದು ಹಣ ಹಿಡಿದಿದ್ದರೆ ನಿಮ್ಮ ವಿಮಾ ನಂಬರು ಕೇಳಿ ಬರೆದಿಟ್ಟುಕೊಳ್ಳಿ. ಹಾಜರಿಯ ದಿನಗಳನ್ನು ಮಕ್ಕಳ ಕೈಯಿಂದ ಒಂದು ನೋಟುಬುಕ್ಕಿನಲ್ಲಿ ಬರೆಯಿಸಿ, ಚೆಕ್‌ರೋಲಿನೊಡನೆ ತಾಳೆ ನೋಡಿ. ಆಸ್ಪತ್ರೆಯಲ್ಲಿ ಡಾಕ್ಟರರಿಲ್ಲದ ದಿನ, ಔಷಧಿಯಿಲ್ಲವೆಂದ ದಿನ, ತಾರೀಖು ಹಾಕಿ ಗುರುತುಮಾಡಿ. ನಾಳೆ ‘ಉತ್ತಮ’ ಯಾವುದೆಂಬ ಪ್ರಶ್ನೆ ಬಂದಾಗ ಬಾಯಿಮಾತಿಗೆ ಬೆಲೆಯಿರದು. ಆ ನೋಟುಬುಕ್ಕಿಗೆ ಇರುತ್ತದೆ. ಪ್ರತಿ ಲೈನಿನಿಂದ ಇಬ್ಬರು, ಅವರಲ್ಲಿ ಒಬ್ಬಾಕೆ ಹೆಣ್ಣುಮಗಳು, ಮುಂದಿನ ಕೂಟಕ್ಕೆ ತಮ್ಮ ಲೈನಿನ ನೋಟುಬುಕ್ಕು ತರಲಿ. ಅರ್ಜಿಯನ್ನು ಅಲ್ಲಿಯೇ ಬರೆಯೋಣ, ಓದಿ ಹೇಳಿ, ಎಲ್ಲರೂ ಸಹಿ ಹಾಕೋಣ.