ಮನೆಗೆ ಮರಿ ಬಂದಾಗ

ಹೈದರಾಬಾದಿನಲ್ಲಿ ನೆಲೆಸಿದ ನಮ್ಮ ಬಳಗದ ಮನೆಗಳಲ್ಲಿ ಈಚೆಗೆ ನಾಯಿಮರಿಗಳು ಹೆಚ್ಚುತ್ತಿವೆ. ಸಂಘದ ಸಭೆ ಮುಗಿದು ಕಾಫಿಯ ಲೋಟ ಕೈಗೆ ಬಂತೆಂದರೆ ಮೊದಲು ಮಕ್ಕಳ ಪರೀಕ್ಷೆಯ ಮಾತು, ಅದರ ಹಿಂದೆಯೇ ಮರಿಯ ಮಾತು. “ಏನು ಹಾಕಿದರೂ ಮೂಸಿ ನೋಡಿ ಹೋಗುತ್ತದೆ” ಎಂದು ಒಬ್ಬರು. “ತಿನ್ನುವುದೇನೋ ತಿನ್ನುತ್ತದೆ, ಆಮೇಲೆ ನಡುಮನೆಯಲ್ಲೇ ಕೂರುತ್ತದೆ” ಎಂದು ಇನ್ನೊಬ್ಬರು. ಆದಕಾರಣ ಈ ಸಂಚಿಕೆಯ ಪುಟವನ್ನು ಆ ಚಿಕ್ಕ ಅತಿಥಿಗೇ ಮೀಸಲಿಟ್ಟಿದ್ದೇವೆ.

ನಾಯಿ ಸಾಕುವುದು ಕನ್ನಡಿಗರಿಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಕಾಲದ ಕಲ್ಲು ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನೆಟ್ಟದ್ದು. ಮಣಲೆರನೆಂಬ ವೀರ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಈ ನಾಯಿಯನ್ನು ಕೇಳಿ ಪಡೆದನು. ಅದು ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಕಲ್ಲನ್ನು ಪೂಜಿಸದೆ ಅಲ್ಲಿಯ ಗೊರವ ಉಣ್ಣಬಾರದೆಂಬ ಕಟ್ಟಳೆಯೂ ಆ ಶಾಸನದಲ್ಲಿದೆ. ಆದರೆ ಕಾಳಿಗೆ ಓಡಾಡಲು ಕಾಡಿತ್ತು. ನಮ್ಮ ಅಜ್ಜಂದಿರ ನಾಯಿಗೆ ಹಿತ್ತಿಲಿತ್ತು, ಜಗಲಿಯಿತ್ತು. ಮಿಕ್ಕಿದ ಅನ್ನ ತಿಂದು, ಬೇಕೆನಿಸಿದಾಗ ಬಯಲಿಗೆ ಹೋಗಿ ಬರುತ್ತಿತ್ತು. ಅದಕ್ಕೆ ಯಾರೂ ಹೊತ್ತು ಗೊತ್ತುಮಾಡಬೇಕಾಗಿರಲಿಲ್ಲ. ಕೂಕಟಪಲ್ಲಿಯ ನಾಲ್ಕನೆಯ ಮಹಡಿಯಲ್ಲಿ ಬಾಗಿಲು ಹಾಕಿಕೊಂಡಿರುವ ಮನೆಯ ಮರಿಗೆ ಅಂಗಳವೂ ಇಲ್ಲ, ಬಾಗಿಲ ಚಿಲಕ ತೆಗೆಯುವ ಕೈಯೂ ಇಲ್ಲ. ಅದರ ಬಯಲು, ಅದರ ಹೊತ್ತು, ಎರಡನ್ನೂ ನಾವೇ ಕೊಡಬೇಕು.

ನಾವು ಹೇಳಬೇಕೆಂದಿರುವುದು ಇಷ್ಟೆ: ಮರಿಯ ಊಟವೇ ಒಂದು, ಶುಚಿಯೇ ಇನ್ನೊಂದು ಎಂದು ಎಣಿಸಬೇಡಿ. ಹೊತ್ತಿಗೆ ಸರಿಯಾಗಿ ಒಳಗೆ ಹೋದದ್ದು ಹೊತ್ತಿಗೆ ಸರಿಯಾಗಿ ಹೊರಗೆ ಬರುತ್ತದೆ. ದಿನವಿಡೀ ತಟ್ಟೆ ತುಂಬಿಟ್ಟ ಮನೆಯಲ್ಲಿ ದಿನವಿಡೀ ನೆಲ ಒರೆಸುವ ಕೆಲಸವೂ ಇರುತ್ತದೆ.

ಮೊದಲು ವಯಸ್ಸಿನ ಮಾತು. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಕೇಂದ್ರ ಸರ್ಕಾರದ ನಿಯಮವೇ ಇದೆ. ಅಂಗೈ ಮೇಲೆ ಕೂರುವಷ್ಟು ಚಿಕ್ಕದು ಮುದ್ದಾಗಿ ಕಂಡರೂ ತಾಯಿಯನ್ನು ಬೇಗ ಬಿಟ್ಟ ಮರಿ ತಿನ್ನುವುದನ್ನೂ ಕಲಿತಿರುವುದಿಲ್ಲ, ಕಚ್ಚದೆ ಆಡುವುದನ್ನೂ ಕಲಿತಿರುವುದಿಲ್ಲ. ತರುವ ದಿನ, ಅದು ಅಲ್ಲಿ ಏನು ತಿನ್ನುತ್ತಿತ್ತೆಂದು ಕೇಳಿ ತಿಳಿದುಕೊಂಡು ಮೊದಲ ಕೆಲವು ದಿನ ಅದನ್ನೇ ಹಾಕಿರಿ. ಬದಲಾಯಿಸುವುದಾದರೆ ಒಂದು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ಹೊಸದನ್ನು ಬೆರೆಸುತ್ತ ಬನ್ನಿ. ಮನೆಯೂ ಹೊಸದು, ಊಟವೂ ಹೊಸದು ಎಂದಾದರೆ ಹೊಟ್ಟೆ ಕೆಡುವುದು ಸಹಜ.

ಪಾಮರೇನಿಯನ್, ಶಿಟ್ಜು, ಪಗ್ ಮೊದಲಾದ ಸಣ್ಣ ತಳಿಗಳ ಹೊಟ್ಟೆ ಸಣ್ಣದು, ಹಸಿವು ದೊಡ್ಡದು. ನಿಜವಾದ ಪಾಮರೇನಿಯನ್ ಪೂರ್ತಿ ಬೆಳೆದಾಗಲೂ ಮೂರು ಕಿಲೋ ತೂಗಿದರೆ ಹೆಚ್ಚು. ಅಂಥದರ ಎರಡು ತಿಂಗಳ ಮರಿಯ ಮೈಯಲ್ಲಿ ಶಕ್ತಿಯ ದಾಸ್ತಾನು ಎಷ್ಟಿದ್ದೀತು? ಒಂದು ಹೊತ್ತು ತಪ್ಪಿದರೂ ರಕ್ತದಲ್ಲಿ ಸಕ್ಕರೆ ಇಳಿದುಹೋಗಬಹುದು. ಮರಿ ಮಂಕಾಗಿ, ಕಾಲು ತಡವರಿಸಿ, ಮೈ ನಡುಗಿ, ಸೆಳವು ಬಂದು ಬೀಳುವುದೂ ಉಂಟು. “ನಿದ್ದೆ ಮಾಡುತ್ತಿದೆ, ಎಬ್ಬಿಸಬೇಡಿ” ಎಂದು ಬಿಟ್ಟರೆ ಪ್ರಾಣಕ್ಕೇ ಅಪಾಯ. ಕೂಡಲೇ ಬೆರಳಿಗೆ ಜೇನುತುಪ್ಪವನ್ನೋ ಸಕ್ಕರೆ ಪಾಕವನ್ನೋ ಅದ್ದಿ ಅದರ ವಸಡಿಗೆ ಸವರಿ. ಪ್ರಜ್ಞೆಯಿಲ್ಲದ ಮರಿಯ ಬಾಯಿಗೆ ಏನನ್ನೂ ಸುರಿಯಬೇಡಿ. ಬೆಚ್ಚಗೆ ಹೊದಿಸಿಕೊಂಡು ಪಶುವೈದ್ಯರಲ್ಲಿಗೆ ಧಾವಿಸಿ.

ಆದ್ದರಿಂದ ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಊಟ, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು. ಬೆಳಗ್ಗೆ ಏಳು, ಮಧ್ಯಾಹ್ನ ಹನ್ನೆರಡು, ಸಂಜೆ ಐದು, ರಾತ್ರಿ ಒಂಬತ್ತು ಎಂದಿಟ್ಟುಕೊಂಡರೆ ಹೆಚ್ಚಿನ ಮನೆಗಳಿಗೆ ಹೊಂದೀತು. ತಟ್ಟೆಯನ್ನು ಕಾಲು ಗಂಟೆ ಇಟ್ಟು, ಉಳಿದದ್ದನ್ನು ಎತ್ತಿಬಿಡಿ. ಆದರೆ ಸಣ್ಣ ಮರಿ ಎರಡು ಹೊತ್ತು ಮುಟ್ಟದಿದ್ದರೆ ಹಟವೆಂದುಕೊಳ್ಳದೆ ವೈದ್ಯರಿಗೆ ತೋರಿಸಿ. ನೀರನ್ನು ಮಾತ್ರ ಎಂದೂ ಎತ್ತಬಾರದು; ಏಪ್ರಿಲ್, ಮೇ ತಿಂಗಳ ನಮ್ಮೂರ ಬಿಸಿಲಿನಲ್ಲಂತೂ ಸರ್ವಥಾ ಕೂಡದು.

ಏನು ಹಾಕಬೇಕು? ನಮ್ಮವರ ಮೊದಲ ಉತ್ತರ ಮೊಸರನ್ನ. ಮೊಸರನ್ನ ತಿಂದು ಮರಿ ಬದುಕೀತು, ಬೆಳೆಯಲಾರದು. ಬೆಳೆಯುವ ಮರಿಗೆ ಸಸಾರಜನಕವೂ ಸುಣ್ಣದ ಅಂಶವೂ ಸರಿಯಾದ ಪ್ರಮಾಣದಲ್ಲಿ ಬೇಕು. ಸಣ್ಣ ತಳಿಯ ಮರಿಗಳಿಗೆಂದೇ ತಯಾರಾದ ಆಹಾರವನ್ನು ಕೊಂಡು, ಚೀಲದ ಮೇಲೆ ತೂಕಕ್ಕೆ ತಕ್ಕಂತೆ ಬರೆದಿರುವ ಅಳತೆಯಲ್ಲಿ ಹಾಕುವುದು ಸುಲಭ ಮಾರ್ಗ. ಮನೆಯ ಅಡಿಗೆಯನ್ನೇ ಹಾಕುವೆವೆನ್ನುವವರು ಪಶುವೈದ್ಯರಿಂದ ಪಟ್ಟಿ ಬರೆಸಿಕೊಂಡು ಬನ್ನಿ. ಸಸ್ಯಾಹಾರಿಗಳ ಮನೆಯಲ್ಲಿಯೂ ನಾಯಿ ಆರೋಗ್ಯವಾಗಿ ಬೆಳೆಯಬಲ್ಲುದು, ಆದರೆ ಲೆಕ್ಕಾಚಾರ ಹೆಚ್ಚು ಬೇಕು. ಬಟ್ಟಲುಗಟ್ಟಲೆ ಹಾಲು ಬೇಡ. ತಾಯಿಹಾಲು ಬಿಟ್ಟ ಎಷ್ಟೋ ಮರಿಗಳಿಗೆ ಹಸುವಿನ ಹಾಲು ಅರಗದೆ ಭೇದಿಯಾಗುತ್ತದೆ.

ಇನ್ನು ಹಾಕಬಾರದ್ದು. ಈರುಳ್ಳಿ, ಬೆಳ್ಳುಳ್ಳಿ ಹಸಿಯದಾಗಲಿ ಬೆಂದದ್ದಾಗಲಿ ನಾಯಿಯ ರಕ್ತಕಣಗಳನ್ನು ಕೆಡಿಸುತ್ತವೆ. ಬೇಳೆಯನ್ನು ಕೊಡುವುದಾದರೆ ಉಪ್ಪು, ಒಗ್ಗರಣೆ ಬೀಳುವ ಮೊದಲೇ ತೆಗೆದಿಡಿ. ಹುಳಿ, ಸಾರು ಬೇಡ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಹಬ್ಬದ ದಿನ ಪಾಯಸದ ಬಟ್ಟಲನ್ನು ನೆಲದ ಮೇಲಿಟ್ಟು ಎದ್ದುಹೋಗುವವರು ಇದನ್ನು ನೆನಪಿಡಬೇಕು. ಚಾಕೊಲೇಟೂ ಹಾಗೆಯೇ. ಸಕ್ಕರೆಯ ಬದಲು ಜೈಲಿಟಾಲ್ ಹಾಕಿದ ಚೂಯಿಂಗ್ ಗಮ್ ಅದಕ್ಕಿಂತಲೂ ಕೇಡು. ಈ ಊರಿನ ಬಿರಿಯಾನಿಯಲ್ಲಿ ಈರುಳ್ಳಿಯೂ ಉಂಟು, ಬೆಂದ ಮೂಳೆಯೂ ಉಂಟು. ಬೆಂದ ಮೂಳೆ ಸಿಗುರೊಡೆದು ಕರುಳಿಗೆ ಚುಚ್ಚುತ್ತದೆ. ಇರಾನಿ ಚಹಾದೊಡನೆ ಉಸ್ಮಾನಿಯಾ ಬಿಸ್ಕತ್ತು ನಮಗೆ ಸೊಗಸು. ಅದು ಮರಿಯ ಪಾಲಿನದಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಕೇಡು ಹೆಚ್ಚಾಗಿ ಬರುವುದು ಪ್ರೀತಿಯ ದಾರಿಯಿಂದಲೇ. ಅಮ್ಮ ಹಾಕಿದ್ದಾಯಿತು, ಮಗಳು ಮೇಜಿನ ಕೆಳಗಿಂದ ಒಂದು ತುಣುಕು, ಊರಿಂದ ಬಂದ ಅಜ್ಜಿ “ಅಯ್ಯೋ, ಬಾಯಿಲ್ಲದ ಪ್ರಾಣಿ” ಎಂದು ಅರ್ಧ ಚಪಾತಿ. ಮೂರು ಕಿಲೋ ಜೀವಕ್ಕೆ ಅರ್ಧ ಚಪಾತಿ ಸಣ್ಣ ತಿಂಡಿಯಲ್ಲ. ಊಟ ಹಾಕುವ ಕೈ ಒಂದೇ ಇರಲಿ. ಅಡಿಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿ, ಹಾಕಿದವರು ಹೊತ್ತು ಬರೆಯಲಿ. ಅಜ್ಜಿಗೂ ಬೇಸರವಾಗದಂತೆ ಒಂದು ಹೊತ್ತಿನ ಊಟವನ್ನು ಅವರ ಪಾಲಿಗೇ ಬಿಟ್ಟುಕೊಡಬಹುದು.

ಈಗ ಶುಚಿಯ ಪಾಠ. ನಿದ್ದೆಯಿಂದ ಎದ್ದೊಡನೆ, ಊಟವಾದ ಕೆಲವೇ ನಿಮಿಷಗಳಲ್ಲಿ, ಆಟವಾಡಿದ ಮೇಲೆ, ಮಲಗುವ ಮುನ್ನ ಮರಿಗೆ ಹೋಗಲೇಬೇಕು. ಇವಲ್ಲದೆ ಎರಡು ತಿಂಗಳ ಮರಿಯನ್ನು ಹಗಲಿನಲ್ಲಿ ಎರಡು ಗಂಟೆಗೊಮ್ಮೆ, ರಾತ್ರಿ ಒಂದೆರಡು ಸಲ ಎತ್ತಿಕೊಂಡು ಹೋಗಬೇಕು. ನೆಲ ಮೂಸುತ್ತ ಸುತ್ತು ಹಾಕತೊಡಗಿತೆಂದರೆ ಅದೇ ಸೂಚನೆ. ಬಾಲ್ಕನಿಯ ಒಂದು ಮೂಲೆಯಲ್ಲಿ ಹಳೆಯ ಪತ್ರಿಕೆ ಹಾಸಿ, ಪ್ರತಿಸಲವೂ ಅಲ್ಲಿಗೇ ಒಯ್ಯಿರಿ. ಬಾಲ್ಕನಿಯ ಕಂಬಿಗಳ ಸಂದಿಗೆ ಜಾಲರಿ ಕಟ್ಟಿಸುವುದನ್ನು ಮರೆಯಬೇಡಿ. ಕೆಲಸವಾದ ಮರುಗಳಿಗೆಯೇ ಮೆಚ್ಚುಗೆಯ ಮಾತು, ಊಟದ ಪಾಲಿನಿಂದಲೇ ತೆಗೆದಿಟ್ಟ ಒಂದು ಕಾಳು. ಐದು ನಿಮಿಷ ತಡವಾಗಿ ಕೊಟ್ಟರೆ ಯಾವುದಕ್ಕೆ ಕೊಟ್ಟಿರೆಂದು ಅದಕ್ಕೆ ತಿಳಿಯುವುದಿಲ್ಲ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕು, ಭಾಷೆಯದು. ಅಪ್ಪ “ಹೊರಗೆ” ಎನ್ನುತ್ತಾನೆ, ಮಗ “ಔಟ್” ಎನ್ನುತ್ತಾನೆ, ಕೆಲಸದಾಕೆ “ಬಯಟಕು” ಎನ್ನುತ್ತಾಳೆ, ಕಾವಲಿನವನು “ಬಾಹರ್” ಎನ್ನುತ್ತಾನೆ. ನಾಲ್ಕು ಭಾಷೆ ಕಲಿತ ನಮ್ಮ ಮಕ್ಕಳಿಗೆ ಇದು ಸಲೀಸು, ಮರಿಗೆ ಗೊಂದಲ. ಬಾ, ಬೇಡ, ಹೊರಗೆ, ಈ ಮೂರು ಮಾತನ್ನು ಗೊತ್ತುಮಾಡಿ ಎಲ್ಲರೂ ಅವನ್ನೇ ಆಡಿರಿ. ಕನ್ನಡದಲ್ಲೇ ಆಡಿದರೆ, ಮನೆಯಲ್ಲಿ ಕನ್ನಡ ಮರೆಯುತ್ತಿರುವ ಮಗುವಿಗೂ ದಿನಕ್ಕೆ ಹತ್ತು ಸಲ ಅಭ್ಯಾಸವಾದೀತು.

ತಪ್ಪಿದಾಗ ಹೊಡೆಯುವುದು, ಮೂತಿಯನ್ನು ಮೂತ್ರಕ್ಕೆ ಉಜ್ಜುವುದು ಹಳೆಯ ಕಾಲದ ಕ್ರೂರ ಪದ್ಧತಿ. ಅದರಿಂದ ಮರಿ ಕಲಿಯುವುದು ಒಂದೇ: ಇವರಿಗೆ ಕಾಣದಂತೆ ಸೋಫಾದ ಹಿಂದೆ ಹೋಗಬೇಕೆಂಬುದು. ಮಾಡುತ್ತಿರುವಾಗಲೇ ಕಂಡರೆ ಸದ್ದಿಲ್ಲದೆ ಎತ್ತಿಕೊಂಡು ಜಾಗಕ್ಕೆ ಒಯ್ಯಿರಿ. ಆಮೇಲೆ ಕಂಡರೆ ಒರೆಸಿ ಸುಮ್ಮನಾಗಿರಿ. ಒರೆಸುವಾಗ ವಾಸನೆ ಪೂರ್ತಿ ಹೋಗಬೇಕು. ಅಮೋನಿಯ ಇರುವ ದ್ರಾವಣದ ವಾಸನೆ ಮೂತ್ರದಂತೆಯೇ ಇರುವುದರಿಂದ ಮರಿಯನ್ನು ಮತ್ತೆ ಅಲ್ಲಿಗೇ ಕರೆಯುತ್ತದೆ. ಕರಿಯ ಫಿನಾಯಿಲು ಮರಿಯ ಮೈಗೂ ಹೊಟ್ಟೆಗೂ ಕೆಟ್ಟದ್ದು. ಕಲೆ ತೆಗೆಯಲೆಂದೇ ಅಂಗಡಿಯಲ್ಲಿ ಸಿಗುವ ಕಿಣ್ವದ ದ್ರಾವಣ ಉತ್ತಮ. ಸಣ್ಣ ತಳಿಯ ಮರಿಗಳು ಪೂರ್ತಿ ಕಲಿಯಲು ಆರು ತಿಂಗಳು, ಕೆಲವೊಮ್ಮೆ ಒಂದು ವರ್ಷವೂ ಹಿಡಿಯುತ್ತದೆ. ಅದು ಮೊಂಡುತನವಲ್ಲ, ಮೂತ್ರಕೋಶವೇ ಅಷ್ಟು ಚಿಕ್ಕದು.

ಬೀದಿಗೆ ಇಳಿಸಲು ಆತುರ ಬೇಡ. ಪಾರ್ವೋ ಎಂಬ ರೋಗದ ವಿಷಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮರಿ ವಾಂತಿ ಮಾಡಿಕೊಂಡು, ರಕ್ತಭೇದಿಯಾಗಿ, ಚಿಕಿತ್ಸೆ ತಡವಾದರೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಗಳಿಗೊಮ್ಮೆ ಹದಿನಾರು ವಾರ ತುಂಬುವವರೆಗೆ; ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ. ಜಂತಿನ ಔಷಧಿಯೂ ವೈದ್ಯರು ಹೇಳಿದ ಹೊತ್ತಿಗೆ ಆಗಬೇಕು. ನಾರಾಯಣಗುಡದಲ್ಲಿ ಸರ್ಕಾರದ ಪಶುಚಿಕಿತ್ಸಾಲಯವಿದೆ. ರಾಜೇಂದ್ರನಗರದಲ್ಲಿ ಪಶುವೈದ್ಯ ಕಾಲೇಜಿದೆ. ಲಸಿಕೆಯ ಚೀಟಿಯನ್ನು ಜೋಪಾನವಾಗಿಟ್ಟು, ನಿಮ್ಮ ನಗರಪಾಲಿಕೆಯಲ್ಲಿ ಮರಿಯ ಹೆಸರು ದಾಖಲು ಮಾಡಿಸಿ. ಮರಿ ಆಟದಲ್ಲಿ ಕಚ್ಚಿ ರಕ್ತ ಬಂದರೂ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಡಾಕ್ಟರರಿಗೆ ತೋರಿಸಿ.

ನೆರೆಯವರನ್ನೂ ಮರೆಯಲಾಗದು. 2023ರ ಫೆಬ್ರವರಿಯಲ್ಲಿ ಅಂಬರಪೇಟೆಯಲ್ಲಿ ಬೀದಿನಾಯಿಗಳ ದಾಳಿಗೆ ಸಿಕ್ಕಿ ನಾಲ್ಕು ವರ್ಷದ ಕಂದನೊಂದು ಅಸುನೀಗಿತು. ಆ ನೆನಪಿರುವ ತಾಯಿ ಲಿಫ್ಟಿನಲ್ಲಿ ನಮ್ಮ ಮುದ್ದುಮರಿಯನ್ನು ಕಂಡು ಮಗುವನ್ನು ಹಿಂದಕ್ಕೆಳೆದುಕೊಂಡರೆ ನಾವು ಸಿಡುಕಬಾರದು. ಮರಿಯನ್ನು ಎತ್ತಿಕೊಂಡು, ಇಲ್ಲವೆ ಅವರನ್ನು ಮುಂದೆ ಬಿಟ್ಟು ಹೋಗುವುದು ಸೌಜನ್ಯ. ಬೀದಿಗೆ ಇಳಿಸುವ ಕಾಲ ಬಂದಾಗ ಕೈಯಲ್ಲಿ ಕಾಗದವೋ ಚೀಲವೋ ಇರಲಿ. ನಮ್ಮ ಮರಿಯ ಹೊಲಸು ಕಾಂಪೌಂಡಿನಲ್ಲಿ ಬಿದ್ದಿದ್ದರೆ ಹೆಸರು ಕೆಡುವುದು ಮರಿಯದಲ್ಲ.

ಕಡೆಯದಾಗಿ, ಇನ್ನೂ ಮರಿ ತರದವರಿಗೆ ಒಂದು ಮಾತು. ತಳಿಯ ಬೆಲೆ ಕೇಳುವ ಮೊದಲು ಮನೆಯ ಗಡಿಯಾರ ನೋಡಿ. ಗಂಡಹೆಂಡಿರಿಬ್ಬರೂ ಬೆಳಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟಕ್ಕೆ ಮರಳುವ ಮನೆಯಲ್ಲಿ ಹನ್ನೆರಡರ ಊಟ ಹಾಕುವವರು ಯಾರು? ದಸರೆಗೆ ಊರಿಗೆ ಹೊರಟಾಗ ನೋಡಿಕೊಳ್ಳುವವರು ಯಾರು? ಈ ಎರಡು ಪ್ರಶ್ನೆಗೆ ಉತ್ತರವಿದ್ದರೆ ಸಂತೋಷವಾಗಿ ತನ್ನಿ. ಇಲ್ಲದಿದ್ದರೆ ಒಂದು ವರ್ಷ ತಡೆಯಿರಿ, ಇಲ್ಲವೆ ಹೊತ್ತಿನ ನಿರ್ಬಂಧ ಅಷ್ಟಿಲ್ಲದ, ಬೆಳೆದ ನಾಯಿಯೊಂದನ್ನು ಆಶ್ರಯಧಾಮದಿಂದ ತಂದು ಸಾಕಿರಿ. ಹೊತ್ತು ಕೊಡಬಲ್ಲವರಿಗೆ ಮರಿ ಹತ್ತು ಹದಿನೈದು ವರ್ಷದ ಒಡನಾಟ ಕೊಟ್ಟೀತು.