ಸಾವನದುರ್ಗದ ದಾರಿ ದುಡಿಯುವವರಿಗೂ ಸೇರಿದ್ದು

ವಾರದ ರಜೆ ಯಾರೂ ದಾನವಾಗಿ ಕೊಟ್ಟದ್ದಲ್ಲ. ದುಡಿಯುವ ಜನ ಕೇಳಿ, ಕಾದು, ಹೋರಾಡಿ ಪಡೆದದ್ದು. 1948ರ ಕಾರ್ಖಾನೆಗಳ ಕಾಯಿದೆ ಅದನ್ನು ಮಿಲ್ಲಿನವರಿಗೆ ಕೊಟ್ಟಿತು. 1961ರ ಅಂಗಡಿಗಳ ಕಾಯಿದೆ ಅಂಗಡಿಯ ಕೆಲಸಗಾರರಿಗೂ ಕೊಟ್ಟಿತು. 2023ರಲ್ಲಿ ನಮ್ಮ ರಾಜ್ಯ ಕಾಯಿದೆ ತಿದ್ದಿ, ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಎಡೆ ಮಾಡಿಕೊಟ್ಟ ಮೇಲಂತೂ ಆ ಒಂದು ದಿನದ ಬೆಲೆ ಇನ್ನೂ ಏರಿದೆ.

ಆ ದಿನವನ್ನು ಕಳೆಯುವುದೆಲ್ಲಿ? ಮಲ್ಲೇಶ್ವರದಲ್ಲಿ ರಾಜಾ ಮಿಲ್ಲು ನಿಂತಿದ್ದ ನೆಲದ ಮೇಲೆ ಈಗ ಮಾಲು ನಿಂತಿದೆ. ಅಲ್ಲಿ ಕಣ್ಣಿಗೆ ಹಬ್ಬ, ಜೇಬಿಗೆ ಏಕಾದಶಿ. ಅದಕ್ಕಿಂತ ಹತ್ತು ಹದಿನೈದು ಮಂದಿ ಕೂಡಿ, ಬುತ್ತಿ ಕಟ್ಟಿಕೊಂಡು, ಮಾಗಡಿ ರಸ್ತೆ ಹಿಡಿದು ಸಾವನದುರ್ಗಕ್ಕೆ ಹೋಗಿ ಬರುವುದು ಲೇಸು.

ಸುಮಾರು 1,226 ಮೀಟರು ಎತ್ತರದ ಒಂದೇ ಬಂಡೆಯ ಬೆಟ್ಟವದು. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಶಿಖರ. ಬುಡದಲ್ಲಿ ವೀರಭದ್ರನ ಗುಡಿ, ನರಸಿಂಹನ ಗುಡಿ. ಸುತ್ತ ಎಲೆ ಉದುರುವ ಕುರುಚಲು ಕಾಡು. ಏರುವ ದಾರಿಯಲ್ಲಿ ಕುಸಿದ ಕೋಟೆಗೋಡೆ. ನೆತ್ತಿಯ ಮೇಲೆ ನಂದಿಯ ಮಂಟಪ.

ಆ ಗೋಡೆಗೂ ನಮ್ಮ ಪೇಟೆಗೂ ನಂಟುಂಟು. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನಿಗೆ ಬೆಂಗಳೂರನ್ನು ಬಿಟ್ಟುಕೊಟ್ಟ ಕೆಂಪೇಗೌಡರ ವಂಶ ಮಾಗಡಿಗೆ ಸರಿಯಿತು. ಸಾವನದುರ್ಗ ಅವರ ಗಟ್ಟಿ ಆಸರೆಯಾಯಿತು. 1728ರಲ್ಲಿ ಮೈಸೂರಿನ ದಳವಾಯಿ ಅದನ್ನು ಗೆದ್ದ. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸ್ ಬೆಂಗಳೂರಿನ ಕೋಟೆಯನ್ನು ಹಿಡಿದ. ಅದೇ ಡಿಸೆಂಬರಿನಲ್ಲಿ ಟಿಪ್ಪುವಿನ ಕೈಯಿಂದ ಸಾವನದುರ್ಗವನ್ನೂ ಕಿತ್ತುಕೊಂಡ. ಕೃಷ್ಣರಾಜೇಂದ್ರ ಮಾರ್ಕೆಟ್ಟಿನ ಪಕ್ಕದ ಹಳೆಯ ಕೋಟೆಬಾಗಿಲನ್ನು ದಿನವೂ ಹಾದುಹೋಗುವವರು ಆ ಕಥೆಯ ಉಳಿದರ್ಧವನ್ನು ಕಾಡಿನಲ್ಲಿ ಕಾಣಬಹುದು. ದೊರೆಗಳ ಹೆಸರು ಪುಸ್ತಕದಲ್ಲಿದೆ. ಕಲ್ಲು ಕಡಿದು, ಹೊತ್ತು, ಕಟ್ಟಿದ ಕೈಗಳ ಹೆಸರು ಎಲ್ಲಿಯೂ ಇಲ್ಲ. ಆ ಗೋಡೆಯೇ ಅವರ ಸಹಿ. ದುಡಿಯುವವನಿಗೆ ಅದನ್ನು ಓದಲು ಯಾರೂ ಕಲಿಸಬೇಕಾಗಿಲ್ಲ.

ತೊಡಕು ಇರುವುದು ಬಾಗಿಲಲ್ಲಿ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಮಂದಿ ಒಮ್ಮೆಲೇ ನುಗ್ಗಿದ ಮೇಲೆ ಸರಕಾರ ಬೆಟ್ಟ ಹತ್ತುವುದಕ್ಕೆ ಬಿಗಿ ಮಾಡಿತು. ಮುಂಗಡ ಚೀಟಿಯನ್ನು ಆನ್‌ಲೈನಿನಲ್ಲಿ, ತಲೆಗಿಷ್ಟೆಂದು ಹಣ ಕಟ್ಟಿ ಪಡೆಯಬೇಕೆಂಬ ಪದ್ಧತಿ ಬಂತು. ಬಿಗಿ ಬೇಕು, ನಿಜ. ಕಾಡಿಗೆ ಬೆಂಕಿ ಬೀಳುತ್ತದೆ, ಪ್ಲಾಸ್ಟಿಕ್ ಸೇರುತ್ತದೆ, ಗೋಡೆಯ ಮೇಲೆ ಪ್ರೇಮಿಗಳ ಹೆಸರು ಕೊರೆಯಲಾಗುತ್ತದೆ. ತಲೆ ಎಣಿಸುವುದು ತಪ್ಪಲ್ಲ. ಜೇಬು ಎಣಿಸುವುದು ತಪ್ಪು. 2023ರ ಶಕ್ತಿ ಯೋಜನೆಯಿಂದ ಗಾರ್ಮೆಂಟ್ಸಿನ ಹೆಣ್ಣುಮಗಳು ಮಾಗಡಿಯವರೆಗೆ ಸರಕಾರಿ ಬಸ್ಸಿನಲ್ಲಿ ಪುಕ್ಕಟೆ ಹೋಗಬಲ್ಲಳು. ಅದೇ ಸರಕಾರ ಬೆಟ್ಟದ ಬುಡದಲ್ಲಿ ಅವಳ ಮುಂದೆ ಫೋನು ಮತ್ತು ಹಣದ ಗೇಟು ನಿಲ್ಲಿಸಿದರೆ ಅದು ಯಾವ ನ್ಯಾಯ? ವಾರದ ರಜೆಯೂ ಕೊನೆಗಳಿಗೆಯಲ್ಲಿ ಖಚಿತವಾಗುವವರು ಮುಂಗಡ ಕಾದಿರಿಸುವುದು ಹೇಗೆ?

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮಿಲ್ಲುಗಳ ಊರು. ಅಲ್ಲಿನ ಕಿಂಡರ್ ಸ್ಕೌಟ್ ಎಂಬ ಗುಡ್ಡಸೀಮೆಯನ್ನು ಜಮೀನ್ದಾರರು ಹಕ್ಕಿಬೇಟೆಗೆಂದು ಮುಚ್ಚಿಟ್ಟಿದ್ದರು. 1932ರ ಏಪ್ರಿಲ್ 24ರ ಭಾನುವಾರ ಬೆನ್ನಿ ರಾತ್‌ಮನ್ ಎಂಬ ಯುವಕನ ಮುಂದಾಳುತನದಲ್ಲಿ ನೂರಾರು ಕಾರ್ಮಿಕರು ಗುಂಪಾಗಿ ಅದನ್ನು ಹತ್ತಿದರು. ಐವರಿಗೆ ಜೈಲಾಯಿತು. ಆದರೆ 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂತು. ಕಿಂಡರ್ ಸ್ಕೌಟ್ ಇಂದು ಅಂಥದೊಂದು ಉದ್ಯಾನದ ಒಳಗಿದೆ.

ನಾವು ಬೇಲಿ ಹಾರಬೇಕಾಗಿಲ್ಲ. ಇದು ಜಮೀನ್ದಾರನ ಕಾಡಲ್ಲ, ಸರಕಾರದ ಕಾಡು, ಅಂದರೆ ನಮ್ಮದೇ. ಆದ್ದರಿಂದ ಬಾಯಿಬಿಟ್ಟು ಕೇಳೋಣ. ಚೀಟಿಯ ಒಂದು ಪಾಲನ್ನು ಬೆಟ್ಟದ ಬುಡದಲ್ಲಿಯೇ ಕೈಗೆ ಕೊಡಲಿ. ಕಾರ್ಮಿಕ ಸಂಘ, ವರ್ತಕರ ಸಂಘಗಳ ಕಾಗದ ತಂದ ಗುಂಪುಗಳಿಗೆ ದರ ಇಳಿಸಲಿ. ಬಂದ ಹಣದಲ್ಲಿ ದಾರಿ ತೋರುವ ಹಳ್ಳಿಯವರಿಗೆ ಕೂಲಿ ಸಲ್ಲಲಿ, ಕೋಟೆಗೋಡೆ ಉಳಿಯಲಿ, ಅದರ ಚರಿತ್ರೆ ಕನ್ನಡದ ಹಲಗೆಯ ಮೇಲೆ ಬರಲಿ.

ಕೇಳುವವರಿಗೆ ಕರ್ತವ್ಯವೂ ಉಂಟು. ಒಯ್ದ ಬಾಟಲಿ ಹಿಂದಕ್ಕೆ ಬರಬೇಕು. ಒಣಹುಲ್ಲಿನಲ್ಲಿ ಬೀಡಿ ಹಚ್ಚಬಾರದು. ಮಳೆ ಬಿದ್ದ ದಿನ ನುಣ್ಣನೆಯ ಬಂಡೆ ಹತ್ತುವುದು ಶೌರ್ಯವಲ್ಲ, ಹುಂಬತನ. ಗುಂಪಿನ ಕೊನೆಯವನ ನಡಿಗೆಯೇ ಎಲ್ಲರ ನಡಿಗೆಯಾಗಬೇಕು. ಸಂಘದಲ್ಲಿ ಕಲಿತ ಪಾಠವೂ ಅದೇ ಅಲ್ಲವೆ? ಮುಂದಿನ ಸಭೆಯಲ್ಲಿ ಸಂಬಳ, ಬೋನಸ್ಸುಗಳ ಜತೆಗೆ ಈ ಮಾತೂ ಬರಲಿ. ಹೊಟ್ಟೆಗೆ ಅನ್ನ ಕೇಳಿದ ಜನ ಎದೆಗೆ ಗಾಳಿಯನ್ನೂ ಕೇಳಬೇಕು.